ಮದುವೆಯಿಲ್ಲದೆ ಜೊತೆಗಿದ್ದವರು ಬೇರೆಯಾದಾಗ: ಇಬ್ಬರ ಹೆಸರಿನ ಮನೆಗೆ ಪಾಲು ಹಾಕುವುದು ಹೇಗೆ?

ಗಂಡ ಹೆಂಡತಿ ದೂರವಾದರೆ ವಿಚ್ಛೇದನದ ಜೊತೆಗೇ ಆಸ್ತಿಯ ಮಾತೂ ಬರುತ್ತದೆ. ಮದುವೆಯಾಗದೆ ಒಟ್ಟಿಗಿದ್ದವರಿಗೆ ಬಹಳ ಕಡೆ ಆ ದಾರಿಯೇ ಇಲ್ಲ. ಅಲ್ಲಿ ಕಾನೂನು ನಿಮ್ಮನ್ನು ನೋಡುವುದು ಒಂದು ಆಸ್ತಿಯ ಇಬ್ಬರು ಮಾಲೀಕರೆಂದು, ಅಷ್ಟೇ. ಎಷ್ಟು ವರ್ಷ ಜೊತೆಗಿದ್ದಿರಿ, ಯಾರು ಬಿಟ್ಟುಹೋದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಬೆಲೆ ಕಡಿಮೆ. ಹಾಗಾಗಿ ಮೊದಲು ಕಾಗದಪತ್ರ ಹುಡುಕಿಡಿ.

ಯಾವ ಕಾಗದ ನೋಡಬೇಕು?

ಎರಡು ಕಾಗದ ಮುಖ್ಯ. ಒಂದು ಕ್ರಯಪತ್ರ, ಇನ್ನೊಂದು ಸಾಲದ ಕರಾರು. ಇವೆರಡೂ ಬೇರೆ ಬೇರೆ ಎಂಬುದನ್ನು ಜನ ಮರೆಯುತ್ತಾರೆ. ಮನೆಯ ಮೇಲಿನ ಹಕ್ಕು ಬಿಟ್ಟುಕೊಟ್ಟ ಮಾತ್ರಕ್ಕೆ ಸಾಲದಿಂದ ನಿಮ್ಮ ಹೆಸರು ಹೋಗುವುದಿಲ್ಲ. ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲಿ.

ಕ್ರಯಪತ್ರದಲ್ಲಿ ಇಬ್ಬರ ಪಾಲು ಇಷ್ಟಿಷ್ಟು ಎಂದು ಬರೆದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬರೀ ಹೆಸರುಗಳಿದ್ದರೆ? ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಲೆಕ್ಕಕ್ಕೆ ಪುರಾವೆಯೇ ಸಿಗದಿದ್ದರೆ ಸಮಪಾಲು. ಇಂಗ್ಲೆಂಡಿನಲ್ಲಿ ಇದು ಉಲ್ಟಾ. ಇಬ್ಬರ ಹೆಸರಿದ್ದರೆ ಸಮಪಾಲು ಎಂದೇ ಶುರು, ಅಲ್ಲ ಎನ್ನುವವರು ಸಾಬೀತು ಮಾಡಬೇಕು. ಅದು ಸುಲಭವಲ್ಲ, ಆದರೂ 2007ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಜಾಸ್ತಿ ಹಣ ಹಾಕಿದ್ದ ಮಹಿಳೆಗೆ 65, ಸಂಗಾತಿಗೆ 35 ಶೇಕಡ ಪಾಲು ಸಿಕ್ಕಿತು.

ಇನ್ನೊಂದು ವಿಷಯವನ್ನು ಇವತ್ತೇ ನೋಡಿಬಿಡಿ. ಕೆಲವು ಬಗೆಯ ಜಂಟಿ ಮಾಲೀಕತ್ವದಲ್ಲಿ ಒಬ್ಬರು ತೀರಿಕೊಂಡರೆ ಪೂರ್ತಿ ಮನೆ ಉಳಿದವರಿಗೆ ಸೇರುತ್ತದೆ. ನಿಮ್ಮದು ಅಂಥದ್ದಾದರೆ, ಪಾಲು ಮುಗಿಯುವ ತನಕ ಕಾಯದೆ ಅದನ್ನು ಪ್ರತ್ಯೇಕ ಪಾಲಾಗಿ ಬದಲಾಯಿಸುವ ದಾರಿಯನ್ನು ವಕೀಲರ ಹತ್ತಿರ ಕೇಳಿ.

ಕಂತು ನಿಲ್ಲಿಸಬೇಡಿ

ಮನಸ್ತಾಪ ಎಷ್ಟೇ ಇರಲಿ, ಕಂತು ಹೋಗುತ್ತಲೇ ಇರಬೇಕು. ಜಂಟಿ ಸಾಲದಲ್ಲಿ ಸಾಮಾನ್ಯವಾಗಿ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ‘ನನ್ನ ಅರ್ಧ ಕಟ್ಟಿದ್ದೇನೆ’ ಎಂದರೆ ಬ್ಯಾಂಕ್ ಕೇಳುವುದಿಲ್ಲ. ಕಂತು ತಪ್ಪಿದರೆ ಇಬ್ಬರ ಕ್ರೆಡಿಟ್ ಸ್ಕೋರೂ ಕೆಡುತ್ತದೆ. ಯಾರು ಕಟ್ಟುತ್ತಾರೆ, ಯಾರು ಮನೆಯಲ್ಲಿರುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಿಟ್ಟಿನಲ್ಲಿ ಬೀಗ ಬದಲಾಯಿಸುವುದು ಬೇಡ, ಅದು ಅವರ ಮನೆಯೂ ಹೌದಲ್ವಾ?

ಲೆಕ್ಕ

ಯಾರು ಏನು ಕೊಟ್ಟರು ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಪಟ್ಟಿ ಮಾಡಿ: ಮುಂಗಡ, ನೋಂದಣಿ ಖರ್ಚು, ಕಂತು, ದೊಡ್ಡ ರಿಪೇರಿ. ಕಂತಿನ ವಿಷಯದಲ್ಲಿ ಎಚ್ಚರ. ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಹೆಚ್ಚು ಭಾಗ ಬಡ್ಡಿಗೇ ಹೋಗುತ್ತದೆ. ಕಟ್ಟಿದ ಹಣವೆಲ್ಲ ಮನೆಗೇ ಸೇರಿತು ಅಂದುಕೊಳ್ಳಬೇಡಿ. ಬೇರೆಯಾದ ಮೇಲೆ ಒಬ್ಬರೇ ಅಲ್ಲಿದ್ದು ಕಂತು ಕಟ್ಟಿದ್ದರೆ, ಅವರು ಬಾಡಿಗೆಯಿಲ್ಲದೆ ಪೂರ್ತಿ ಮನೆ ಬಳಸಿದ್ದೂ ಲೆಕ್ಕಕ್ಕೆ ಬರಬೇಕು.

ಆಮೇಲೆ ಮನೆಯ ಬೆಲೆ. ಇಬ್ಬರೂ ಒಪ್ಪುವ ಒಬ್ಬ ಮೌಲ್ಯಮಾಪಕರು ಸಾಕು. ನಂಬಿಕೆ ಇಲ್ಲದಿದ್ದರೆ ಒಬ್ಬೊಬ್ಬರು ಒಬ್ಬರನ್ನು ಕರೆಸಿ ಸರಾಸರಿ ತೆಗೆಯಿರಿ. ಸಾಲ ಪೂರ್ತಿ ತೀರಿಸಲು ಎಷ್ಟು ಬೇಕು ಎಂದು ಬ್ಯಾಂಕಿನಿಂದ ಬರೆಸಿಕೊಳ್ಳಿ. ಅವಧಿಗೆ ಮೊದಲೇ ತೀರಿಸಿದರೆ ಬೀಳುವ ಶುಲ್ಕವೂ ಅದರಲ್ಲಿ ಸೇರಿರಲಿ.

ಈಗ ಒಂದು ಉದಾಹರಣೆ. ಮನೆ ಕೊಂಡದ್ದು 80 ಲಕ್ಷಕ್ಕೆ. 20 ಲಕ್ಷ ಮುಂಗಡ ಒಬ್ಬರದೇ, 60 ಲಕ್ಷ ಸಾಲ. ಕಂತು ಇಬ್ಬರೂ ಸಮನಾಗಿ ಕಟ್ಟಿದ್ದಾರೆ. ಈಗ ಮನೆಯ ಬೆಲೆ 1 ಕೋಟಿ, ಸಾಲ ಬಾಕಿ 40 ಲಕ್ಷ. ಹಂಚಲು ಉಳಿಯುವುದು 60 ಲಕ್ಷ. ನೇರ ಅರ್ಧ ಮಾಡಿದರೆ 30, 30. ಮುಂಗಡ ಹಾಗೇ ವಾಪಸ್ ಕೊಟ್ಟು ಉಳಿದ 40 ಹಂಚಿದರೆ 40, 20. ಮುಂಗಡ ಕೊಂಡ ಬೆಲೆಯ ಕಾಲು ಭಾಗ, ಹಾಗಾಗಿ ಇವತ್ತಿನ ಬೆಲೆಯಲ್ಲೂ ಕಾಲು ಭಾಗ ಬೇಕು ಎಂದರೆ ಮೊದಲು 25 ತೆಗೆದಿಟ್ಟು ಉಳಿದ 35 ಹಂಚಬೇಕು. ಆಗ 42.5 ಮತ್ತು 17.5. ಮೂರೂ ವಾದಕ್ಕೆ ನಿಲ್ಲುತ್ತವೆ. ನನ್ನ ಕೇಳಿದರೆ, ಬೆಲೆ ಇಳಿದಿದ್ದರೂ ಅದೇ ಸೂತ್ರಕ್ಕೆ ಒಪ್ಪುತ್ತಿದ್ದಿರಾ ಎಂದು ಯೋಚಿಸಿ ಆರಿಸುವುದು ಒಳ್ಳೆಯದು.

ಇಟ್ಟುಕೊಳ್ಳುವುದೋ, ಮಾರುವುದೋ?

ಮಾರುವುದು ಎಲ್ಲಕ್ಕಿಂತ ಸರಳ. ಬಂದ ಹಣದಲ್ಲಿ ಸಾಲ, ದಲ್ಲಾಳಿ, ತೆರಿಗೆ ಕಳೆದು ಹಂಚಿಕೊಂಡರೆ ಮುಗಿಯಿತು.

ಒಬ್ಬರು ಇಟ್ಟುಕೊಳ್ಳುವುದಾದರೆ ಅವರೊಬ್ಬರ ಸಂಬಳದ ಮೇಲೆ ಬ್ಯಾಂಕ್ ಸಾಲ ಮುಂದುವರಿಸಲು ಒಪ್ಪಬೇಕು. ಇಲ್ಲಿ ಅನುಕ್ರಮ ಬಹಳ ಮುಖ್ಯ. ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ. ಆಮೇಲೆ ಪಾಲಿನ ಹಣ, ಸಾಲದಿಂದ ಬಿಡುಗಡೆ, ಹಕ್ಕು ಬಿಡುಗಡೆ ಪತ್ರದ ನೋಂದಣಿ, ಸಾಧ್ಯವಾದರೆ ಮೂರೂ ಒಂದೇ ದಿನ. ‘ಸಹಿ ಹಾಕು, ಬ್ಯಾಂಕಿನದು ಆಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. ಮನೆ ಕೈತಪ್ಪಿ ಸಾಲ ಮಾತ್ರ ಉಳಿದೀತು.

ಬೆಲೆಯ ಬಗ್ಗೆ ಜಗಳ ನಿಲ್ಲದಿದ್ದರೆ ಹೀಗೆ ಮಾಡಬಹುದು. ಒಬ್ಬರು ಬೆಲೆ ಹೇಳಲಿ, ಆ ಬೆಲೆಗೆ ಕೊಳ್ಳುವುದೋ ಕೊಡುವುದೋ ಎಂದು ಇನ್ನೊಬ್ಬರು ಆರಿಸಲಿ. ಆಗ ಯಾರೂ ಸುಮ್ನೆ ಬಾಯಿಗೆ ಬಂದ ಬೆಲೆ ಹೇಳುವುದಿಲ್ಲ. ಆದರೆ ಇಬ್ಬರಿಗೂ ಕೊಳ್ಳುವ ಶಕ್ತಿ ಇದ್ದರೆ ಮಾತ್ರ ಇದು ನ್ಯಾಯ. ಒಬ್ಬರ ಹತ್ತಿರ ಹಣವಿಲ್ಲ ಎಂದು ಗೊತ್ತಿದ್ದರೆ ಇನ್ನೊಬ್ಬರು ಕಡಿಮೆ ಬೆಲೆ ಹೇಳಿ ಗೆದ್ದುಬಿಡುತ್ತಾರೆ.

ಮಾತು ಮುರಿದುಬಿದ್ದರೆ

ಮೊದಲು ಮಧ್ಯಸ್ಥಿಕೆ. ಕೊನೆಗೆ ಕೋರ್ಟು. ಮನೆಯನ್ನು ಗೋಡೆ ಕಟ್ಟಿ ಹಂಚಲಾಗದಿದ್ದರೆ ಮಾರಿ ಹಣ ಹಂಚಲು ಕೋರ್ಟ್ ಹೇಳಬಹುದು. ಭಾರತದಲ್ಲಿ 1893ರ ಪಾರ್ಟಿಷನ್ ಕಾಯ್ದೆಯಡಿ, ಅರ್ಧ ಅಥವಾ ಹೆಚ್ಚು ಪಾಲಿರುವವರು ಹೀಗೆ ಮಾರಾಟ ಕೇಳಬಹುದು. ಆಗ ಇನ್ನೊಬ್ಬ ಪಾಲುದಾರರು ಆ ಪಾಲನ್ನು ಕೋರ್ಟ್ ನಿಗದಿ ಮಾಡಿಸುವ ಬೆಲೆಗೆ ತಾವೇ ಕೊಳ್ಳಲು ಅನುಮತಿ ಕೇಳಬಹುದು.

ನೋಂದಣಿ ಮುಗಿದ ಮೇಲೆ ಮನೆ ತೆರಿಗೆ, ನೀರು, ಕರೆಂಟಿನ ದಾಖಲೆಗಳಲ್ಲಿ ಹೆಸರು ಬದಲಾಯಿಸಿ. ಮನೆಯ ವಿಮೆ, ಜೀವವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಯಾರೆಂದು ನೋಡಿ. ಉಯಿಲು ಬರೆದಿದ್ದರೆ ಅದನ್ನೂ ತೆಗೆದು ಓದಿ. ಹಳೆಯ ಹೆಸರು ಅಲ್ಲೆಲ್ಲ ಹಾಗೇ ಇರುತ್ತದೆ.