ಕೆನಡಾ ವೀಸಾ ತಿರಸ್ಕಾರವಾದರೆ ಮನವಿ ಬರೆಯುತ್ತ ಕೂರಬೇಡಿ

ಒಂಟಾರಿಯೊದಲ್ಲಿ ಬಹಳ ವರ್ಷ ಇದ್ದು ತೀರ್ಥಹಳ್ಳಿಗೆ ಮರಳಿದ ಮೇಲೂ ಅಲ್ಲಿಂದ ಫೋನ್ ಬರುವುದು ನಿಂತಿಲ್ಲ. ಸಾಗರ, ಹೊಸನಗರ, ಕೊಪ್ಪದ ಕಡೆಯಿಂದ ಹೋದ ಮಕ್ಕಳು. ಯಾರದೋ ಕೆಲಸದ ಪರವಾನಗಿ ತಿರಸ್ಕಾರವಾಗಿರುತ್ತದೆ, ಇನ್ಯಾರದೋ ಅಪ್ಪ ಅಮ್ಮನ ಸಂದರ್ಶಕ ವೀಸಾ. ನಾನು ಮೊದಲು ಕೇಳುವುದು ತಿರಸ್ಕಾರದ ಪತ್ರ ಯಾವ ತಾರೀಖಿಗೆ ಕೈಸೇರಿತು ಎಂದು. ಅಧಿಕಾರಿ ಮಾಡಿದ ಅನ್ಯಾಯವೆಲ್ಲ ಅವರಿಗೆ ಬಾಯಿಪಾಠವಾಗಿರುತ್ತದೆ, ತಾರೀಖು ಮಾತ್ರ ಗೊತ್ತಿರುವುದಿಲ್ಲ.

ಅರ್ಜಿ ಹಾಕುವ ವಿಧಾನ ನಿಮಗೆ ತಿಳಿದೇ ಇದೆ. ತಿರಸ್ಕಾರವಾದ ಮೇಲಿನ ದಾರಿಯನ್ನಷ್ಟೇ ಹೇಳುತ್ತೇನೆ. ಸಂದರ್ಶಕ ವೀಸಾ, ವಿದ್ಯಾರ್ಥಿ ಪರವಾನಗಿ, ಕೆಲಸದ ಪರವಾನಗಿ ಇವುಗಳಿಗೆ ಮೇಲ್ಮನವಿ ಇಲ್ಲ. ಫೆಡರಲ್ ಕೋರ್ಟಿನಲ್ಲಿ ನ್ಯಾಯಾಂಗ ಪುನರ್‌ಪರಿಶೀಲನೆ ಕೋರಬಹುದು, ಅಂದರೆ ಅಧಿಕಾರಿಯ ತೀರ್ಮಾನ ಸಮಂಜಸವೇ ಎಂದು ನ್ಯಾಯಾಲಯ ನೋಡುವಂತೆ ಕೇಳಬಹುದು. ಅದಕ್ಕೂ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ವಲಸೆ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಕೆನಡಾದ ಒಳಗೆ ಹುಟ್ಟಿದ ವಿಷಯವಾದರೆ ಗಡುವು 15 ದಿನ, ಹೊರಗೆ ಹುಟ್ಟಿದ್ದಾದರೆ 60 ದಿನ. ಯಾವುದೆಂಬ ಅನುಮಾನವಿದ್ದರೆ 15 ಎಂದೇ ಹಿಡಿಯಿರಿ. ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳುವ ಪ್ರಾಯೋಜಕತ್ವದ ಅರ್ಜಿಯ ದಾರಿ ಬೇರೆ. ಅದಕ್ಕೆ ಮೇಲ್ಮನವಿ ಮಂಡಳಿ ಇದೆ, ಅಲ್ಲಿಗೆ 30 ದಿನ.

ನಮ್ಮವರು ಎಡವುವುದು ಈ ಗಡುವಿನಲ್ಲೇ, ಅದಕ್ಕೆ ಕಾರಣ ನಮ್ಮ ಊರಿನ ರೂಢಿ. ಬಗರ್ ಹುಕುಂ ಅರ್ಜಿ ವಜಾ ಆದರೆ ತಹಶೀಲ್ದಾರರಿಗೊಂದು ಮನವಿ, ಉಪವಿಭಾಗಾಧಿಕಾರಿಗೊಂದು ಮನವಿ, ಶಿವಮೊಗ್ಗಕ್ಕೆ ಹೋಗಿ ಜಿಲ್ಲಾಧಿಕಾರಿಗೊಂದು ಮನವಿ. ಎಲ್ಲ ಮುಗಿದ ಮೇಲೆ ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್. ಆ ವಿಧಿಯಲ್ಲಿ ಇಷ್ಟೇ ದಿನ ಎಂಬ ಗಡುವಿಲ್ಲ. ತೀರ ತಡವಾದರೆ ನ್ಯಾಯಾಲಯ ಕಾರಣ ಕೇಳುತ್ತದೆ. ಮನವಿಯ ಮೇಲೆ ಮನವಿ ಕೊಟ್ಟ ಮಾತ್ರಕ್ಕೆ ಸತ್ತ ವಿಷಯಕ್ಕೆ ಜೀವ ಬರುವುದಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟೇ 2008ರಲ್ಲಿ ಸಿ. ಜೇಕಬ್ ಪ್ರಕರಣದಲ್ಲಿ ಹೇಳಿದೆ. ಆದರೂ ಮನವಿ ಕೊಟ್ಟಿದ್ದೇವೆ, ಉತ್ತರ ಬರಲಿ ಎಂದು ಕಾಯುವುದು ನಮ್ಮ ರಕ್ತಕ್ಕೆ ಇಳಿದುಬಿಟ್ಟಿದೆ.

ಕೆನಡಾದಲ್ಲೂ ಅಂಥದ್ದೇ ಒಂದು ಮನವಿ ಇದೆ, ಅದೇ ಅಧಿಕಾರಿಗೆ ಮರುಪರಿಶೀಲನೆ ಕೋರಿ ಬರೆಯುವ ಪತ್ರ. ಅದಕ್ಕೆ ಶುಲ್ಕವಿಲ್ಲ, ಬರೆಯುವುದು ಸುಲಭ. ಆದರೆ ಆ ಪತ್ರ ಗಡುವನ್ನು ಒಂದು ದಿನವೂ ತಡೆಯುವುದಿಲ್ಲ. ಹೊಸನಗರದ ನನ್ನ ಪರಿಚಯದ ದಂಪತಿಗೆ ಮಗಳ ಬಾಣಂತನಕ್ಕೆ ಹೋಗಬೇಕಿತ್ತು. ತಿರಸ್ಕಾರವಾದ ಕೂಡಲೇ ಅವರ ಸಲಹೆಗಾರ ಹಣ ಪಡೆದು ಮರುಪರಿಶೀಲನೆಗೆ ಬರೆದ, ಉತ್ತರ ಬರುವವರೆಗೆ ಸುಮ್ಮನಿರಿ ಎಂದ. ಅರವತ್ತು ದಿನ ಕಳೆದ ಮೇಲೆ ಬಂದ ಉತ್ತರದಲ್ಲಿ ಇದ್ದದ್ದು, ಹಿಂದಿನ ತೀರ್ಮಾನ ಬದಲಿಸಲು ಕಾರಣ ಕಾಣುವುದಿಲ್ಲ ಎಂಬ ಒಂದೇ ಸಾಲು. ಆ ಸಾಲನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ನಿಜ. ಆಗ ಚರ್ಚೆಯಾಗುವುದು ಮರುಪರಿಶೀಲನೆ ನಿರಾಕರಿಸಿದ್ದು ಸರಿಯೇ ಎಂಬುದು ಮಾತ್ರ, ಮೂಲ ತಿರಸ್ಕಾರ ಕೈತಪ್ಪಿರುತ್ತದೆ.

ಸಲಹೆಗಾರರು ಯಾಕೆ ಹೀಗೆ ಹೇಳುತ್ತಾರೆಂದು ಕೇಳಿಕೊಳ್ಳಿ. ಪರವಾನಗಿ ಪಡೆದ ವಲಸೆ ಸಲಹೆಗಾರರೂ ಫೆಡರಲ್ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವಂತಿಲ್ಲ. ಅಲ್ಲಿ ವಕೀಲರು ಬೇಕು, ಇಲ್ಲವೇ ನೀವೇ ವಾದಿಸಬೇಕು. ಪತ್ರ ಬರೆದರೆ ಕಕ್ಷಿದಾರ ಅವರ ಬಳಿಯೇ ಉಳಿಯುತ್ತಾನೆ. ಎಲ್ಲರೂ ಹಾಗಲ್ಲ, ತಕ್ಷಣ ವಕೀಲರ ಬಳಿಗೆ ಕಳಿಸುವ ಪ್ರಾಮಾಣಿಕರನ್ನೂ ನೋಡಿದ್ದೇನೆ. ಪತ್ರ ಬರೆಯಲೇಬೇಕೆಂದಿದ್ದರೆ ಬರೆಯಿರಿ, ಜೊತೆಗೇ ನ್ಯಾಯಾಲಯದಲ್ಲೂ ಅರ್ಜಿ ಹಾಕಿ. ಶುಲ್ಕ 50 ಡಾಲರ್. ಸೋತರೂ ಎದುರು ಪಕ್ಷದ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ.

ಅಧಿಕಾರಿಯ ಟಿಪ್ಪಣಿ ತರಿಸಿಕೊಂಡು ನೋಡಿ ಆಮೇಲೆ ತೀರ್ಮಾನಿಸೋಣ ಎನ್ನುವವರೂ ಇದ್ದಾರೆ. ಮಾಹಿತಿ ಹಕ್ಕಿನಡಿ ಟಿಪ್ಪಣಿ ಬರುವ ಹೊತ್ತಿಗೆ 15 ದಿನ ಮುಗಿದಿರುತ್ತದೆ. ಕಾರಣಗಳು ಕೈಸೇರಿಲ್ಲವೆಂದು ಅರ್ಜಿಯಲ್ಲೇ ನಮೂದಿಸಿದರೆ ನ್ಯಾಯಾಲಯವೇ ಅವನ್ನು ತರಿಸಿಕೊಡುತ್ತದೆ. 2025ರ ಜುಲೈನಿಂದ ಕೆಲವು ಬಗೆಯ ತಿರಸ್ಕಾರ ಪತ್ರಗಳ ಜೊತೆಗೇ ಟಿಪ್ಪಣಿ ಬರುತ್ತಿದೆ. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಯಾಲಯ ಒಂದು ಗಡುವನ್ನು 30ರಿಂದ 75 ದಿನಕ್ಕೆ ಏರಿಸಿತು. ಅದು ಅರ್ಜಿ ದಾಖಲಾದ ಮೇಲೆ ಪೂರ್ಣ ಕಡತ ಸಲ್ಲಿಸುವ ಗಡುವು. ಮೊದಲ 15 ದಿನವೇ 75 ಆಯಿತೆಂದು ನಂಬಿ ಕುಳಿತವರು ದಯವಿಟ್ಟು ಎಚ್ಚರಗೊಳ್ಳಿ.

ಇನ್ನು ನ್ಯಾಯಾಲಯ ಏನು ನೋಡುತ್ತದೆ? ವೀಸಾ ಕೊಡಬೇಕೇ ಬೇಡವೇ ಎಂದು ಅದು ತೀರ್ಮಾನಿಸುವುದಿಲ್ಲ. ಅಧಿಕಾರಿ ಕೊಟ್ಟ ಕಾರಣ ಅವರ ಮುಂದಿದ್ದ ದಾಖಲೆಗೆ ಹೊಂದುತ್ತದೆಯೇ, ತರ್ಕ ಕೂಡಿಬರುತ್ತದೆಯೇ ಎಂದು ನೋಡುತ್ತದೆ. 2019ರ ಡಿಸೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ವವಿಲೋವ್ ತೀರ್ಪಿನಲ್ಲಿ ಹಾಕಿಕೊಟ್ಟ ಮಾನದಂಡ ಇದು. ಟೊರೊಂಟೊದಲ್ಲಿ ರಷ್ಯಾದ ಗೂಢಚಾರ ದಂಪತಿಗೆ ಹುಟ್ಟಿದ ವವಿಲೋವ್ ಎಂಬಾತನ ಪೌರತ್ವವನ್ನೇ ರದ್ದು ಮಾಡಲಾಗಿತ್ತು. ಆ ಆದೇಶ ಸಮಂಜಸವಲ್ಲವೆಂದು ನ್ಯಾಯಾಲಯ ಅವನ ಪರ ನಿಂತಿತು. ಸರ್ಕಾರ ತನ್ನ ನಿರ್ಧಾರವನ್ನು ಆ ನಿರ್ಧಾರದಿಂದ ತೊಂದರೆಗೆ ಒಳಗಾದವನಿಗೆ ಸಮರ್ಥಿಸಿ ತೋರಿಸಬೇಕೆಂಬ ಆ ಮಾತನ್ನು ನಾನು ಬಹಳ ಗೌರವಿಸುತ್ತೇನೆ.

ದಾಖಲೆಯ ಮಾತು ಬಂದಾಗ ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ತಿಂಗಳ ಸಂಬಳವಿಲ್ಲ. ರಾಶಿ ಅಡಿಕೆಯೋ ಬೆಟ್ಟೆ ಅಡಿಕೆಯೋ ಮಾರಿದಾಗ ಒಮ್ಮೆಲೇ ಲಕ್ಷಗಟ್ಟಲೆ ಹಣ ಖಾತೆಗೆ ಬೀಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಏನೂ ಇರುವುದಿಲ್ಲ. ಆ ಬ್ಯಾಂಕ್ ಪಟ್ಟಿ ನೋಡಿದ ಅಧಿಕಾರಿಗೆ ವೀಸಾಕ್ಕೆಂದೇ ಯಾರೋ ಹಣ ತುಂಬಿಸಿದಂತೆ ಕಾಣುತ್ತದೆ. ಹೊಸನಗರದವರ ಟಿಪ್ಪಣಿಯಲ್ಲಿ ಇದ್ದದ್ದೂ ಹಣದ ಮೂಲ ಸ್ಪಷ್ಟವಿಲ್ಲ ಎಂಬ ಮಾತೇ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನ ಮಾರಾಟದ ಪಟ್ಟಿ ಅವರ ಮನೆಯ ಕಪಾಟಿನಲ್ಲೇ ಇತ್ತು, ಅರ್ಜಿಯ ಜೊತೆ ಹೋಗಿರಲಿಲ್ಲ. ಅಧಿಕಾರಿ ನೋಡದ ಕಾಗದವನ್ನು ನ್ಯಾಯಾಲಯವೂ ಸಾಮಾನ್ಯವಾಗಿ ನೋಡುವುದಿಲ್ಲ. ಹಾಗಾಗಿ ಮಾರಾಟದ ಪಟ್ಟಿ, ಪಹಣಿ, ವರ್ಷಕ್ಕೆ ಯಾವಾಗ ಕೊಯ್ಲು, ಯಾವಾಗ ಹಣ ಎಂದು ವಿವರಿಸುವ ಒಂದು ಪುಟದ ಪತ್ರ ಇವು ಮೊದಲ ಅರ್ಜಿಯಲ್ಲೇ ಇರಲಿ.

ಎರಡು ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂದರೆ, ಬಡವನಿಗೆ ಬಾಗಿಲು ತೆರೆಯುವುದರಲ್ಲಿ ನಮ್ಮ 226ನೇ ವಿಧಿಯೇ ಮೇಲು. ವೇಗದಲ್ಲಿ ಕೆನಡಾ ಮುಂದು. ಅನುಮತಿ ಸಿಕ್ಕರೆ 90 ದಿನದೊಳಗೆ ವಿಚಾರಣೆ ನಡೆಯಬೇಕೆಂದು ಕಾಯ್ದೆಯೇ ಹೇಳುತ್ತದೆ, ಇಲ್ಲಿ ರಿಟ್ ಹಾಕಿದ ರೈತ ವರ್ಷಗಟ್ಟಲೆ ಕಾಯುತ್ತಾನೆ. ಆದರೆ ಅನುಮತಿ ನಿರಾಕರಿಸುವಾಗ ಫೆಡರಲ್ ಕೋರ್ಟ್ ಸಾಮಾನ್ಯವಾಗಿ ಕಾರಣ ಕೊಡುವುದಿಲ್ಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಅಧಿಕಾರಿಗಳಿಂದ ಕಾರಣ ಕೇಳುವ ನ್ಯಾಯಾಲಯ ತಾನೇ ಕಾರಣ ಹೇಳದಿರುವುದು ತಪ್ಪು. ಅಲ್ಲಿದ್ದಾಗಲೂ ಇದನ್ನೇ ಹೇಳುತ್ತಿದ್ದೆ.

ಕೆನಡಾದೊಳಗೆ ಇರುವವರು ಇನ್ನೊಂದನ್ನು ತಿಳಿದಿರಬೇಕು. ನ್ಯಾಯಾಲಯದಲ್ಲಿ ಅರ್ಜಿ ಇದೆಯೆಂದರೆ ಅಲ್ಲಿ ಉಳಿಯುವ, ಕೆಲಸ ಮಾಡುವ ಹಕ್ಕು ಬಂತೆಂದಲ್ಲ. ಕಳೆದುಹೋದ ವಾಸಸ್ಥಾನಮಾನವನ್ನು ಮರಳಿ ಪಡೆಯಲು ಇರುವ 90 ದಿನ ಬೇರೆಯೇ ಓಡುತ್ತಿರುತ್ತದೆ. ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಪ್ರಕರಣ ಗಟ್ಟಿಯಾಗಿದ್ದರೆ ಸರ್ಕಾರಿ ವಕೀಲರು ವಿಚಾರಣೆಗೂ ಮೊದಲೇ ರಾಜಿಗೆ ಬರುವುದುಂಟು: ನೀವು ಅರ್ಜಿ ಹಿಂಪಡೆಯಿರಿ, ಬೇರೆ ಅಧಿಕಾರಿಯಿಂದ ಹೊಸದಾಗಿ ತೀರ್ಮಾನ ಮಾಡಿಸುತ್ತೇವೆ ಎನ್ನುತ್ತಾರೆ. ಗೆದ್ದರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಒಪ್ಪಿಕೊಳ್ಳಿ. ಒಪ್ಪುವ ಮುನ್ನ ಹೊಸ ದಾಖಲೆ ಸಲ್ಲಿಸಲು ಇಂತಿಷ್ಟು ದಿನ ಕೊಡಬೇಕೆಂದು ಬರವಣಿಗೆಯಲ್ಲಿ ಕೇಳಿ. ಮಾರಾಟದ ಪಟ್ಟಿಯೂ ಪಹಣಿಯೂ ಕಡತ ಸೇರಲು ಅದೇ ಅವಕಾಶ.