ಸರ್ವರ್ ಹೊಸದು, ಡಿಸ್ಕ್ ಹಳೆಯದು: ಕ್ಲೌಡ್‌ನಲ್ಲಿ ಡಿಸ್ಕ್ ತಾನಾಗಿ ಸಜ್ಜಾಗುವಂತೆ ಬರೆಯುವುದು ಹೇಗೆ?

ಶಿರಸಿಯ ಅಡಿಕೆ ವಖಾರಿಗಳ ಲೆಕ್ಕ, ಗೋಕರ್ಣದ ಹೋಮ್‌ಸ್ಟೇ ಬುಕಿಂಗ್, ಸಹಕಾರಿ ಸಂಘಗಳ ಕಡತ ಎಲ್ಲವೂ ಮಳೆಗಾಲದ ಕರೆಂಟಿನ ಕಾಟಕ್ಕೆ ಸೋತು ಒಂದೊಂದಾಗಿ ಕ್ಲೌಡ್ ಸರ್ವರ್ ಹತ್ತುತ್ತಿವೆ. ಸರ್ವರ್ ಎದ್ದ ಕೂಡಲೇ ಡೇಟಾ ಡಿಸ್ಕ್ ಫಾರ್ಮ್ಯಾಟ್ ಆಗಿ, ಫೋಲ್ಡರಿಗೆ ಮೌಂಟ್ ಆಗಿ (ಅಂದರೆ ಆ ಫೋಲ್ಡರಿನ ಮೂಲಕ ಡಿಸ್ಕ್ ತೆರೆದುಕೊಂಡು) ನಿಂತಿರಬೇಕು ಎಂದು, ಸರ್ವರ್ ಏಳುವಾಗ ಅದನ್ನು ಸಜ್ಜುಗೊಳಿಸುವ ಕ್ಲೌಡ್-ಇನಿಟ್ ತಂತ್ರಾಂಶಕ್ಕೆ ಹತ್ತು ಸಾಲು ಬರೆದುಕೊಡುವುದು ಕಷ್ಟವಲ್ಲ. ಮೊದಲ ದಿನ ಎಲ್ಲರ ಸಾಲುಗಳೂ ಕೆಲಸ ಮಾಡುತ್ತವೆ. ಎಡವಟ್ಟಾಗುವುದು ಹಳೆಯ ಸರ್ವರ್ ಅಳಿಸಿ, ಹೊಸದನ್ನು ಎಬ್ಬಿಸಿ, ಲೆಕ್ಕವಿದ್ದ ಡಿಸ್ಕನ್ನೇ ಅದಕ್ಕೆ ಜೋಡಿಸಿದ ದಿನ. ಅವವೇ ಸಾಲುಗಳು ಮತ್ತೆ ಓಡಿ, ತುಂಬಿದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳುತ್ತವೆ. ಬರೆಯುವಾಗಲೇ ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೀಲಿಪದಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಎರಡು ಪದವಿದ್ದರೆ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಿರಿ. ಮೊದಲ ಸಾಲು ಹ್ಯಾಶ್ ಚಿಹ್ನೆಗೆ ಅಂಟಿಕೊಂಡ 'ಕ್ಲೌಡ್-ಕಾನ್ಫಿಗ್' ಆಗಿರಲಿ, ನಡುವೆ ಖಾಲಿ ಜಾಗ ಬೇಡ. ಈ ಸಾಲುಗಳನ್ನು ಬರೆಯುವುದು ಯಾಮಲ್ ಎಂಬ ಬಗೆಯ ಫೈಲಿನಲ್ಲಿ, ಅದಕ್ಕೆ ಟ್ಯಾಬ್ ಕೀಲಿ ಆಗಿಬರುವುದಿಲ್ಲ, ಸ್ಪೇಸ್ ಮಾತ್ರ.

ಹಂತ 1: ಡಿಸ್ಕ್ ಮೊದಲೇ ಜೋಡಿಸಿರಲಿ

ಡಿಸ್ಕ್ ಸಜ್ಜುಗೊಳಿಸುವ ಕೆಲಸ ಬೂಟ್‌ನ ಆರಂಭದಲ್ಲೇ ನಡೆದುಹೋಗುತ್ತದೆ. ಬೇಕಾದ ಸರ್ವರ್, ಡಿಸ್ಕ್‌ಗಳನ್ನು ಫೈಲಿನಲ್ಲಿ ಬರೆದು ಸೃಷ್ಟಿಸುವ ಟೆರಾಫಾರ್ಮ್ ಸಲಕರಣೆಯಲ್ಲಿ ಸರ್ವರ್ ಬೇರೆ, ಡಿಸ್ಕ್ ಜೋಡಣೆ ಬೇರೆ ಎಂದು ಬರೆದವರಿಗೆ ಸರ್ವರ್ ಮೊದಲು ಎದ್ದು, ಡಿಸ್ಕ್ ಆಮೇಲೆ ಬಂದು ಸೇರುತ್ತದೆ. ಅಷ್ಟರಲ್ಲಿ ಕ್ಲೌಡ್-ಇನಿಟ್ ಡಿಸ್ಕ್ ಹುಡುಕಿ, ಕಾಣದೆ, ಮುಂದೆ ಹೋಗಿರುತ್ತದೆ. ಸಾಧ್ಯವಿದ್ದರೆ ಸರ್ವರ್ ಸೃಷ್ಟಿಸುವ ವಿವರದೊಳಗೇ ಡಿಸ್ಕನ್ನೂ ಸೇರಿಸಿ. ಆಗದಿದ್ದರೆ 'ಬೂಟ್‌ಸಿಎಂಡಿ' (ಒಂದೇ ಪದ, ಅಂಡರ್‌ಸ್ಕೋರ್ ಇಲ್ಲ) ಭಾಗದಲ್ಲಿ ಡಿಸ್ಕ್ ಕಾಣುವ ತನಕ ಕಾಯುವ ಸಣ್ಣ ಲೂಪ್ ಹಾಕಿ, 120 ಸೆಕೆಂಡಿನ ಮಿತಿಯೊಂದಿಗೆ. ಈ ಭಾಗ ಡಿಸ್ಕ್ ಕೆಲಸಕ್ಕಿಂತ ಮೊದಲು ಓಡುತ್ತದೆ. ಮಿತಿ ಇಲ್ಲದ ಲೂಪ್ ಹಾಕಿದರೆ ಡಿಸ್ಕ್ ಇಲ್ಲದ ದಿನ ಬೂಟ್ ಅಲ್ಲೇ ನಿಂತುಬಿಡುತ್ತದೆ.

ಹಂತ 2: ಕಾಯಂ ಹೆಸರು

ಡಿಸ್ಕಿನ ಹೆಸರು ಕೊಡುವಲ್ಲಿ ಲಿನಕ್ಸ್ ಇಡುವ 'ಎಸ್‌ಡಿಬಿ'ಯಂಥ ಹೆಸರು ಬರೆಯಬೇಡಿ. ಅಮೆಜಾನ್‌ನ ಈಗಿನ ಸರ್ವರ್‌ಗಳಲ್ಲಿ ಕನ್ಸೋಲಿನಲ್ಲಿ 'ಎಸ್‌ಡಿಎಫ್' ಎಂದು ಕೊಟ್ಟ ಡಿಸ್ಕ್ ಒಳಗೆ 'ಎನ್‌ವಿಎಂಇ1ಎನ್1' ಆಗಿ ಕಾಣುತ್ತದೆ, ಎರಡು ಡಿಸ್ಕ್ ಇದ್ದರೆ ಅವುಗಳ ಕ್ರಮ ರೀಬೂಟಿನಲ್ಲಿ ಅದಲುಬದಲಾಗಲೂಬಹುದು. 'ಡೆವ್' ಅಡಿಯ 'ಡಿಸ್ಕ್', ಅದರಡಿಯ 'ಬೈ-ಐಡಿ' ಫೋಲ್ಡರಿನಲ್ಲಿ ಬದಲಾಗದ ಹೆಸರು ಸಿಗುತ್ತದೆ. ಅಮೆಜಾನ್‌ನಲ್ಲಿ ಅದರೊಳಗೆ ವಾಲ್ಯೂಮ್ ಐಡಿ ಇರುತ್ತದೆ, ಗೂಗಲ್‌ನಲ್ಲಿ 'ಗೂಗಲ್' ಎಂಬುದರ ಮುಂದೆ ನೀವಿಟ್ಟ ಹೆಸರು. ಅಜೂರ್‌ನಲ್ಲಿ ಮಾತ್ರ ದಾರಿ ಬೇರೆ, ಅಲ್ಲಿ ಡೇಟಾ ಡಿಸ್ಕನ್ನು ಲನ್ ಸಂಖ್ಯೆಯಿಂದ (ಜೋಡಿಸುವಾಗ ಡಿಸ್ಕಿಗೆ ಕೊಡುವ ಸಂಖ್ಯೆ) ಹಿಡಿಯಬೇಕು. ಅಲ್ಲಿ ಕೆಲವು ಸರ್ವರ್‌ಗಳ ಜೊತೆಗೆ ಪುಕ್ಕಟೆಯಾಗಿ ಬರುವ ತಾತ್ಕಾಲಿಕ ಡಿಸ್ಕಿನಲ್ಲಿ ಸಂಘದ ಲೆಕ್ಕ ಇಡುವವರೂ ಇದ್ದಾರೆ. ಸರ್ವರನ್ನು ಪೂರ್ತಿ ನಿಲ್ಲಿಸಿ ಬಿಟ್ಟುಕೊಟ್ಟರೆ ಅದರಲ್ಲಿದ್ದದ್ದು ಹೋಯಿತು.

ಹಂತ 3: ಪಾರ್ಟಿಶನ್ ಬೇಕೇ?

ಬೇಡ. ಒಂದು ಡಿಸ್ಕ್, ಒಂದು ಕೆಲಸ ಎಂದಾದರೆ ಡಿಸ್ಕನ್ನು ವಿಭಾಗಿಸದೆ, ಅಂದರೆ ಪಾರ್ಟಿಶನ್ ಮಾಡದೆ, ನೇರ ಫೈಲ್‌ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಕಿ. ಮುಂದೆ 100 ಜಿಬಿ ಡಿಸ್ಕನ್ನು 200ಕ್ಕೆ ಏರಿಸಿದಾಗ ಫೈಲ್‌ಸಿಸ್ಟಮ್ ಹಿಗ್ಗಿಸುವ ಒಂದೇ ಕಮಾಂಡ್ ಸಾಕು. ಪಾರ್ಟಿಶನ್ ಇದ್ದರೆ ಮೊದಲು ಅದನ್ನು ಹಿಗ್ಗಿಸಬೇಕು. ಕ್ಲೌಡ್-ಇನಿಟ್ ತಾನಾಗಿ ಹಿಗ್ಗಿಸುವುದು ಆಪರೇಟಿಂಗ್ ಸಿಸ್ಟಮ್ ಇರುವ ರೂಟ್ ಪಾರ್ಟಿಶನ್ ಮಾತ್ರ.

ಬೇಕೇ ಬೇಕು ಎನ್ನುವವರು 'ಡಿಸ್ಕ್ ಸೆಟಪ್' ಭಾಗದಲ್ಲಿ 'ಟೇಬಲ್ ಟೈಪ್'ಗೆ ಜಿಪಿಟಿ ಎಂದೇ ಬರೆಯಿರಿ. ಬರೆಯದಿದ್ದರೆ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಶನ್ ಪಟ್ಟಿ ಆಗುತ್ತದೆ, ಅದು 2 ಟಿಬಿಗೆ ಮುಗಿಯಿತು. 'ಲೇಔಟ್'ಗೆ 'ಟ್ರೂ' ಕೊಟ್ಟರೆ ಇಡೀ ಡಿಸ್ಕಿಗೆ ಒಂದೇ ಪಾರ್ಟಿಶನ್. ಪಟ್ಟಿ ಕೊಟ್ಟರೆ ಆ ಅಂಕಿಗಳು ಶೇಕಡಾವಾರು, ಜಿಬಿ ಅಲ್ಲ. 50 ಎಂದರೆ ಅರ್ಧ ಡಿಸ್ಕ್. 'ಓವರ್‌ರೈಟ್' ಯಾವತ್ತೂ 'ಫಾಲ್ಸ್'. 'ಟ್ರೂ' ಎಂದರೆ ಒಳಗೆ ಏನಿದೆ ಎಂದು ನೋಡುವುದನ್ನೇ ಬಿಡುತ್ತದೆ.

ಹಂತ 4: ಫೈಲ್‌ಸಿಸ್ಟಮ್ (ಇಲ್ಲಿ ಅವಸರ ಬೇಡ)

'ಎಫ್‌ಎಸ್ ಸೆಟಪ್' ಭಾಗದಲ್ಲಿ ಡಿಸ್ಕಿನ ಹೆಸರು, ಫೈಲ್‌ಸಿಸ್ಟಮ್ ಬಗೆ, ಲೇಬಲ್, ಮತ್ತು 'ಪಾರ್ಟಿಶನ್' ಎಂಬ ಕೀಲಿ ಬರುತ್ತವೆ. ಡೇಟಾ ಉಳಿಯುವುದು, ಅಳಿಯುವುದು ಈ ಕೊನೆಯ ಕೀಲಿಯ ಮೇಲೆ.

ಪಾರ್ಟಿಶನ್ ಮಾಡಿಲ್ಲವಲ್ಲ ಎಂದು ಹೆಚ್ಚಿನವರು ಅಲ್ಲಿ 'ನನ್' (ಯಾವುದೂ ಇಲ್ಲ) ಎಂದು ಬರೆಯುತ್ತಾರೆ. ಅಂತರ್ಜಾಲದ ಮಾದರಿಗಳಲ್ಲೂ ಅದು ಹೇರಳ. ಆದರೆ 'ನನ್' ಎಂದರೆ ಏನನ್ನೂ ಪರೀಕ್ಷಿಸದೆ ಬರೆ ಎಂದರ್ಥ. ಅದೇ ಬಗೆಯ, ಅದೇ ಲೇಬಲ್ಲಿನ ಫೈಲ್‌ಸಿಸ್ಟಮ್ ಇದ್ದರೂ, 'ಓವರ್‌ರೈಟ್' ಫಾಲ್ಸ್ ಇದ್ದರೂ ಅದು ಫಾರ್ಮ್ಯಾಟ್ ಮಾಡುತ್ತದೆ. ಕ್ಲೌಡ್-ಇನಿಟ್‌ನ ಕೈಪಿಡಿಯಲ್ಲೇ ಇದನ್ನು ಬರೆದಿದೆ, ಓದುವವರು ಕಡಿಮೆ. ಒಂದು ಸರ್ವರಿನ ಬಾಳಿನಲ್ಲಿ ಈ ಭಾಗ ಓಡುವುದು ಒಮ್ಮೆ ಮಾತ್ರ. ಹಾಗಾಗಿ ನೂರು ಸಲ ರೀಬೂಟ್ ಮಾಡಿ ನೋಡಿದರೂ ದೋಷ ಕಾಣುವುದಿಲ್ಲ. ಹೊಸ ಸರ್ವರಿಗೆ ಹೊಸ ಐಡಿ ಇರುವುದರಿಂದ ಅಲ್ಲಿ ಅದು ಮತ್ತೆ ಮೊದಲ ಸಲ. 'ಕ್ಲೌಡ್-ಇನಿಟ್ ಕ್ಲೀನ್' ಓಡಿಸಿ ರೀಬೂಟ್ ಮಾಡಿದರೂ ಅಷ್ಟೇ. ಇಮೇಜ್ (ಹೊಸ ಸರ್ವರ್‌ಗಳನ್ನು ಎಬ್ಬಿಸುವ ಅಚ್ಚು) ತಯಾರಿಸಲು ಹೊರಟು, ಡೇಟಾ ಡಿಸ್ಕ್ ಬಿಚ್ಚದೆ ಕ್ಲೀನ್ ಮಾಡುವವರು ಹುಷಾರಾಗಿರಬೇಕು.

ಏನೂ ಬರೆಯದಿದ್ದರೆ 'ಎನಿ'. ಅದು ಫೈಲ್‌ಸಿಸ್ಟಮ್ ಬಗೆ ಮಾತ್ರ ನೋಡುತ್ತದೆ, ಲೇಬಲ್ ಕೇಳುವುದಿಲ್ಲ. ತಪ್ಪಿ ಬ್ಯಾಕಪ್ ಡಿಸ್ಕ್ ಜೋಡಿಸಿದ್ದರೆ ಅದನ್ನೇ ಸರಿ ಎಂದು ಒಪ್ಪಿಕೊಳ್ಳುತ್ತದೆ.

ಬರೆಯಬೇಕಾದದ್ದು 'ಆಟೋ'. ಡಿಸ್ಕ್ ಪೂರ್ತಿ ಖಾಲಿ ಇದ್ದರೆ ನೇರ ಡಿಸ್ಕಿನ ಮೇಲೇ ಫೈಲ್‌ಸಿಸ್ಟಮ್ ಹಾಕುತ್ತದೆ, ಅದಕ್ಕಾಗಿ 'ನನ್' ಬೇಕಾಗಿಲ್ಲ. ಬಗೆ ಮತ್ತು ಲೇಬಲ್ ಎರಡೂ ತಾಳೆಯಾದರೆ ಮುಟ್ಟದೆ ಬಿಡುತ್ತದೆ. ಒಳಗೆ ಬೇರೇನೋ ಇದ್ದರೆ ಎಚ್ಚರಿಕೆ ಬರೆದಿಟ್ಟು ಸುಮ್ಮನಾಗುತ್ತದೆ.

ಅಂದಮೇಲೆ ಲೇಬಲ್ ಅಲಂಕಾರಕ್ಕಲ್ಲ. 'ವಖಾರಿ' ಎಂದೋ 'ಬುಕಿಂಗ್' ಎಂದೋ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಮುಂದೆ ಬದಲಿಸಬೇಡಿ. ಫೈಲ್‌ಸಿಸ್ಟಮ್ ಬಗೆಗಳಲ್ಲಿ ಎಕ್ಸ್ಟ್4ಗೆ 16 ಬೈಟ್, ಎಕ್ಸ್‌ಎಫ್‌ಎಸ್‌ಗೆ 12 ಅಷ್ಟೇ ಮಿತಿ, ಉದ್ದವಾದರೆ ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಮಾಡಲು ಒಪ್ಪುವುದೇ ಇಲ್ಲ. ಕನ್ನಡದಲ್ಲಿ ಬರೆದರೆ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್ ಹೋಗುತ್ತದೆ.

ಯಾವ ಬಗೆ? ಸಣ್ಣ ಕಚೇರಿಗೆ ಎಕ್ಸ್ಟ್4 ಸಾಕು. ಎಕ್ಸ್‌ಎಫ್‌ಎಸ್ ಒಳ್ಳೆಯದೇ, ಆದರೆ ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಲು ಬರುವುದಿಲ್ಲ. ಎಕ್ಸ್ಟ್4 ಶೇ 5ರಷ್ಟು ಜಾಗವನ್ನು ರೂಟ್ ಎಂಬ ಮೇಲ್ವಿಚಾರಕ ಖಾತೆಗೆಂದು ಕಾಯ್ದಿರಿಸುತ್ತದೆ, 200 ಜಿಬಿಯಲ್ಲಿ ಅದು 10 ಜಿಬಿ. 'ಎಕ್ಸ್‌ಟ್ರಾ ಆಪ್ಟ್ಸ್'ನಲ್ಲಿ 'ಹೈಫನ್-ಎಂ' ಮತ್ತು '1' ಎಂದು ಎರಡು ಪ್ರತ್ಯೇಕ ಅಂಶವಾಗಿ ಕೊಟ್ಟು ಶೇ 1ಕ್ಕೆ ಇಳಿಸಿ.

ಹಂತ 5: ಮೌಂಟ್

'ಮೌಂಟ್ಸ್' ಪಟ್ಟಿಯಲ್ಲಿ ಅದೇ ಬೈ-ಐಡಿ ಹೆಸರು, ಫೋಲ್ಡರ್, ಬಗೆ, ಆಯ್ಕೆಗಳು. ಫೋಲ್ಡರ್ ಇಲ್ಲದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಪಾರ್ಟಿಶನ್ ಮಾಡಿದ್ದರೆ ಹೆಸರಿನ ಕೊನೆಗೆ 'ಹೈಫನ್-ಪಾರ್ಟ್1' ಸೇರಿಸಿ. ಆಯ್ಕೆಗಳನ್ನು ಬರೆಯದೆ ಬಿಟ್ಟರೆ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ) ತಾನಾಗಿ ಬರುತ್ತದೆ. ನೀವೇ 'ನೋಎಟೈಮ್' (ಫೈಲ್ ಓದಿದ ಹೊತ್ತು ಬರೆದಿಡಬೇಡ) ಎಂದಿಷ್ಟೇ ಬರೆದರೆ ಅದು ಬರುವುದಿಲ್ಲ, ಆಗ ಡಿಸ್ಕ್ ಕಾಣದ ದಿನ ಸರ್ವರ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ದೂರದಿಂದ ಸರ್ವರಿನೊಳಗೆ ಹೋಗುವ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ. 'ಡಿಫಾಲ್ಟ್ಸ್, ನೋಫೇಲ್, ನೋಎಟೈಮ್' ಎಂದು ಪೂರ್ತಿ ಬರೆಯಿರಿ.

ನೋಫೇಲ್‌ಗೂ ಒಂದು ಬೆಲೆಯಿದೆ. ಡಿಸ್ಕ್ ಬಾರದಿದ್ದರೂ ಸರ್ವರ್ ಏಳುತ್ತದೆ, ಡೇಟಾಬೇಸ್ ಖಾಲಿ ಫೋಲ್ಡರಿನಲ್ಲಿ ಹೊಸ ಸಂಸಾರ ಹೂಡುತ್ತದೆ, ಅದೂ ರೂಟ್ ಡಿಸ್ಕಿನಲ್ಲಿ. ಡೇಟಾಬೇಸ್‌ನ ಸಿಸ್ಟಮ್‌ಡಿ ಯೂನಿಟ್‌ನಲ್ಲಿ (ಅದನ್ನು ಯಾವಾಗ, ಹೇಗೆ ಶುರುಮಾಡಬೇಕೆಂದು ಹೇಳುವ ಫೈಲ್) 'ರಿಕ್ವೈರ್ಸ್ ಮೌಂಟ್ಸ್ ಫಾರ್' ಸಾಲು ಸೇರಿಸಿದರೆ ಮೌಂಟ್ ಆಗದೆ ಅದು ಶುರುವಾಗುವುದಿಲ್ಲ. ಈ ಕೀಲಿಯಲ್ಲಿ ಅಂಡರ್‌ಸ್ಕೋರ್ ಇಲ್ಲ, ಪದಗಳನ್ನು ಕೂಡಿಸಿ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದಾಗಿ ಬರೆಯಬೇಕು.

ಸರ್ವರಿನಲ್ಲಿ ಫೈಲ್ ಬರೆದಿಡುವ 'ರೈಟ್ ಫೈಲ್ಸ್' ಭಾಗ ಮೌಂಟ್‌ಗಿಂತ ಮೊದಲು ಓಡುತ್ತದೆ. ಅದರಿಂದ ಡೇಟಾ ಫೋಲ್ಡರಿಗೆ ಬರೆದ ಫೈಲ್‌ಗಳು ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಅವನ್ನು ಕೊನೆಯಲ್ಲಿ ಬರೆಯುವಂತೆ 'ಡಿಫರ್: ಟ್ರೂ' ಕೊಡಿ. ಪ್ಯಾಕೇಜ್ ಸ್ಥಾಪನೆಯಾಗುವುದು ಕೊನೆಯಲ್ಲಿ, ಆದ್ದರಿಂದ ಎಕ್ಸ್‌ಎಫ್‌ಎಸ್ ಬೇಕಾದವರು ಅದರ ಸಲಕರಣೆ ಇಮೇಜಿನಲ್ಲಿ ಮೊದಲೇ ಇದೆಯೇ ನೋಡಿಕೊಳ್ಳಿ.

ಹಂತ 6: ತಾಲೀಮು

ಫೈಲನ್ನು 'ಕ್ಲೌಡ್-ಇನಿಟ್ ಸ್ಕೀಮಾ' ಕಮಾಂಡಿಗೆ ಕೊಟ್ಟು ಬರಹದ ತಪ್ಪು ತೆಗೆಯಿರಿ. 10 ಜಿಬಿಯ ಖಾಲಿ ಡಿಸ್ಕಿನೊಂದಿಗೆ ಸರ್ವರ್ ಎಬ್ಬಿಸಿ, ಡೇಟಾ ಫೋಲ್ಡರಿನಲ್ಲಿ ಒಂದು ಫೈಲ್ ಬರೆದಿಡಿ. ಈಗ ಸರ್ವರನ್ನು ಅಳಿಸಿ, ಡಿಸ್ಕ್ ಉಳಿಸಿಕೊಳ್ಳಿ. 'ಸರ್ವರ್ ಜೊತೆ ಡಿಸ್ಕನ್ನೂ ಅಳಿಸು' ಎಂಬ ಗುರುತು ತೆಗೆದಿದ್ದೀರಾ ಎಂದು ಅಳಿಸುವ ಮೊದಲೇ ನೋಡಿ. ಅದೇ ಸಾಲುಗಳೊಂದಿಗೆ ಹೊಸ ಸರ್ವರ್ ಎಬ್ಬಿಸಿ, ಅದೇ ಡಿಸ್ಕ್ ಜೋಡಿಸಿ. ಫೈಲ್ ಅಲ್ಲೇ ಇರಬೇಕು. 'ವಾರ್' ಅಡಿಯ 'ಲಾಗ್' ಫೋಲ್ಡರಿನ ಕ್ಲೌಡ್-ಇನಿಟ್ ಲಾಗ್‌ನಲ್ಲಿ, ತಾಳೆಯಾಗುವ ಫೈಲ್‌ಸಿಸ್ಟಮ್ ಸಿಕ್ಕಿದ್ದರಿಂದ ಫಾರ್ಮ್ಯಾಟ್ ಬಿಟ್ಟಿದೆ ಎಂಬ ಅರ್ಥದ ಸಾಲು ಕಾಣಬೇಕು. ಆ ಸಾಲು ಕಾಣದೆ ಸಂಘದ ಡಿಸ್ಕನ್ನು ಹತ್ತಿರ ತರಬೇಡಿ. ಕಂಡ ಮೇಲೂ ಜೋಡಿಸುವ ಮುನ್ನ ಒಂದು ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಹೊತ್ತಿನ ಪ್ರತಿ) ತೆಗೆದಿಡಿ.