ಬಿಕಾಂ ಆಯ್ತು, ಮುಂಬೈಯಲ್ಲಿ ಅಕೌಂಟ್ಸ್ ಕೆಲಸ ಶುರು ಮಾಡುವುದು ಹೇಗೆ?

ರಿಸಲ್ಟ್ ಬಂದ ವಾರವೇ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ದೊಡ್ಡ ಕಂಪನಿಗಳಿಗೆಲ್ಲ ರೆಸ್ಯೂಮೆ ಕಳಿಸಿ, ಉತ್ತರ ಬಾರದೆ ಮುಖ ಸಪ್ಪೆ ಮಾಡಿಕೊಂಡು ಕೂತ ಹುಡುಗ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಅಲ್ಲಿಗೆ ಆಮೇಲೆ ಹೋಗಿ. ಮೊದಲ ಎರಡು ವರ್ಷಕ್ಕೆ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಇರುವ ಒಂದು ಸಣ್ಣ ಸಿಎ ಆಫೀಸು ಸಾಕು. ಅಲ್ಲಿ ಹೋಟೆಲು, ಬಟ್ಟೆ ಅಂಗಡಿ, ಹೌಸಿಂಗ್ ಸೊಸೈಟಿ ಎಲ್ಲದರ ಲೆಕ್ಕವೂ ಕೈಗೆ ಬರುತ್ತದೆ. ದೊಡ್ಡ ಕಡೆ ಇಡೀ ವರ್ಷ ಒಂದೇ ಬಗೆಯ ಬಿಲ್ ಎಂಟ್ರಿ ಮಾಡುತ್ತಾ ಕೂರಬೇಕಾದರೂ ಆಶ್ಚರ್ಯವಿಲ್ಲ.

ಅಂಥ ಆಫೀಸು ಹುಡುಕುವುದು ಹೇಗೆ? ನಮ್ಮವರಿಗೆ ಇಲ್ಲೊಂದು ಸುಲಭದ ದಾರಿ ಇದೆ. ನಿಮ್ಮ ಏರಿಯಾದ ಉಡುಪಿ ಹೋಟೆಲಿಗೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ, ಗಲ್ಲೆಯಲ್ಲಿ ಕೂತವರನ್ನು ‘ಅಣ್ಣ, ನಿಮ್ಮ ಜಿಎಸ್‌ಟಿ ಯಾರು ನೋಡ್ತಾರೆ?’ ಅಂತ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ನಂಬರ್ ಸಿಗುತ್ತದೆ, ಕೆಲವೊಮ್ಮೆ ಚಹಾನೂ.

ಸೇರುವ ಮೊದಲು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಯಿರಿ. ದುಬಾರಿ ಕೋರ್ಸೇ ಆಗಬೇಕೆಂದಿಲ್ಲ. ಟ್ಯಾಲಿಪ್ರೈಮ್‌ನ ಎಜುಕೇಷನಲ್ ಮೋಡ್‌ಗೆ ದುಡ್ಡಿಲ್ಲ. ತಿಂಗಳ ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯೋಕೆ ಅಷ್ಟು ಸಾಕಲ್ವಾ? ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್8 ಸೇಲ್ಸ್, ಎಫ್9 ಪರ್ಚೇಸ್ ಬೆರಳಿಗೆ ಬರಲಿ. ಎಕ್ಸೆಲ್‌ನಲ್ಲಿ ವಿಲುಕಪ್, ಪಿವಟ್. ಜೊತೆಗೆ ಮರಾಠಿಯ ಎರಡು ಪದ: ‘ಜಮಾ’ ಅಂದರೆ ಕ್ರೆಡಿಟ್, ‘ನಾವೆ’ ಅಂದರೆ ಡೆಬಿಟ್. ಹಳೇ ಸೇಠ್‌ಗಳ ಎದುರು ಇದು ಗೊತ್ತಿಲ್ಲದಿದ್ದರೆ ಕಷ್ಟ.

ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ತಿಂಗಳನ್ನು ನಡೆಸುವುದು ತಾರೀಕುಗಳು. 7ಕ್ಕೆ ಹಿಂದಿನ ತಿಂಗಳ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು (ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ). ತಿಂಗಳು ತಿಂಗಳು ರಿಟರ್ನ್ ಹಾಕುವವರ ಜಿಎಸ್‌ಟಿಆರ್-1 (ಮಾರಾಟದ ವಿವರ) 11ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ. ನಡುವೆ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ನಮ್ಮ ಖರೀದಿ ಬಿಲ್‌ಗಳ ಪಟ್ಟಿ, ಬರುತ್ತದೆ. ಸಪ್ಲೈಯರ್ ತನ್ನ ಬಿಲ್ ತೋರಿಸಿದ್ದಾನೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ, ತೋರಿಸದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗದು, ಆಗ ಫೋನ್ ಹಿಡಿದು ಅವನ ಬೆನ್ನು ಬೀಳುವ ಕೆಲಸ ಹೊಸಬರಾದ ನಿಮ್ಮದೇ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಬ್ಯಾಂಕ್ ರಿಕನ್ಸಿಲಿಯೇಷನ್, ಅಂದರೆ ನಮ್ಮ ಪುಸ್ತಕದ ಲೆಕ್ಕವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುವುದು. ಸೇರಿದ ಹೊಸದರಲ್ಲಿ ಒಮ್ಮೆ 900 ರೂಪಾಯಿ ವ್ಯತ್ಯಾಸ ಹುಡುಕುತ್ತಾ ಸಂಜೆವರೆಗೆ ಕೂತಿದ್ದೆ, ಒಂದು ಕಡೆಯಿಂದ ಎಲ್ಲ ಟಿಕ್ ಹಾಕುತ್ತಾ. ಸೀನಿಯರ್ ಬಂದು ‘9ರಿಂದ ಭಾಗ ಹೋಗುತ್ತಾ ನೋಡು’ ಅಂದರು. ಹೋಗುತ್ತದೆ. ಹಾಗಿದ್ದರೆ ಅಂಕಿ ಅದಲುಬದಲು ಆಗಿರುವ ಸಾಧ್ಯತೆ ಹೆಚ್ಚು. 5,410 ಇರಬೇಕಾದಲ್ಲಿ ನಾನು 4,510 ಹೊಡೆದಿದ್ದೆ! ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹೋಟೆಲ್ ಲೆಕ್ಕ ಸಿಕ್ಕರೆ ಬಿಡಬೇಡಿ. ಮಾಮೂಲಿ ರೆಸ್ಟೋರೆಂಟ್ ಗಿರಾಕಿಯಿಂದ 5% ಜಿಎಸ್‌ಟಿ ತೆಗೆದುಕೊಳ್ಳುತ್ತದೆ, ಆದರೆ ತಾನು ಕೊಂಡದ್ದರ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಹೊಸಬರು ಎಡವುವುದು ಇಲ್ಲೇ. ಇನ್ನೊಂದು, ಬೆಳಗಿನ ಜಾವ ದಾದರ್ ಮಾರ್ಕೆಟ್ಟಿನಿಂದ ತರಕಾರಿ ಬರುವುದು ನಗದಿಗೆ. ಸಾಮಾನ್ಯವಾಗಿ ಒಬ್ಬ ವ್ಯಾಪಾರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ, ಇದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ.

ಸಿಎ ಮಾಡುವ ಆಸೆ ಇದ್ದರೆ ಆ ನಿರ್ಧಾರ ಈಗಲೇ ಆಗಲಿ. ಕಾಮರ್ಸ್ ಪದವಿಯಲ್ಲಿ 55% ಇದ್ದರೆ ಮೊದಲ ಹಂತದ ಫೌಂಡೇಷನ್ ಪರೀಕ್ಷೆ ಬೇಡ, ನೇರ ಎರಡನೇ ಹಂತದ ಇಂಟರ್‌ಗೆ ಹೋಗಬಹುದು. ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಕೈಕೆಳಗೆ ತರಬೇತಿ. ಸಿಎ ಆಫೀಸಿನಲ್ಲಿ ಸುಮ್ನೆ ಸಂಬಳಕ್ಕೆ ದುಡಿದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ, ಇದು ಗೊತ್ತಿಲ್ಲದೆ ಬೇಜಾರು ಮಾಡಿಕೊಂಡವರು ಬಹಳ.

ಸಂದರ್ಶನದಲ್ಲಿ ಸಂಬಳದ ಜೊತೆ ರಜೆಯ ಮಾತೂ ಆಡಿ. ಟ್ಯಾಕ್ಸ್ ಆಡಿಟ್ ವರದಿಯ ಮಾಮೂಲಿ ಗಡುವು ಸೆಪ್ಟೆಂಬರ್ 30. ಚೌತಿ ಬರುವುದೂ ಸಾಮಾನ್ಯವಾಗಿ ಅದೇ ಗಡಿಬಿಡಿಯಲ್ಲಿ. ಊರಿಗೆ ಹೋಗುವವರಾದರೆ ಸೇರುವ ದಿನವೇ ಹೇಳಿಬಿಡಿ, ಆಗಸ್ಟ್ ಕೊನೆಗೆ ಕೇಳಿದರೆ ಯಾವ ಸಿಎಯೂ ಬಿಡುವುದಿಲ್ಲ.